ಕಂಬಳಿ ಹೊದ್ದ ಬ್ರೇಕು

ನನಗೊಂದು ಅಭ್ಯಾಸವುಂಟು, ಒಳ್ಳೆಯದಲ್ಲ. ಯಾವ ಗಾಡಿ ಪಕ್ಕಕ್ಕೆ ಬಂದು ನಿಂತರೂ ಅದನ್ನು ಮೊದಲು ಮಾತಾಡಿಸುವುದು ನನ್ನ ಮೂಗು. ಮದುವೆ ಹಾಲಿನ ಬಾಗಿಲಲ್ಲಿ ಮದುಮಗನ ಕಾರು ಬಂದು ನಿಂತಿತು ಎನ್ನಿ. ಊರಿನವರೆಲ್ಲ ಮದುಮಗನ ಮುಖ ನೋಡುತ್ತಾರೆ. ನಾನು ಮುಂದಿನ ಚಕ್ರದ ಕಡೆ ಬಗ್ಗಿ ಗಾಳಿ ಎಳೆದುಕೊಳ್ಳುತ್ತೇನೆ. ಹೆಂಡತಿ ಹಿಂದಿನಿಂದ ತಿವಿಯುತ್ತಾಳೆ. "ಎಂತ ನಿಮ್ಮದು? ನಾಲ್ಕು ಜನ ನೋಡ್ತಾರೆ. ಮದುಮಗನನ್ನು ಮೂಸ್ಲಿಕ್ಕೆ ಹೋದ ಹಾಗೆ ಕಾಣ್ತದೆ."

ಏನು ಮಾಡುವುದು, ಬಿಡಲಿಕ್ಕಾಗುವುದಿಲ್ಲ. ಕೆಲವರು ಕೈ ನೋಡಿ ಭವಿಷ್ಯ ಹೇಳುತ್ತಾರೆ. ನಾನು ವಾಸನೆ ನೋಡಿ ಆ ಗಾಡಿ ಎಂಥ ಇಳಿಜಾರು ಇಳಿದು ಬಂತು, ಓಡಿಸಿದವನ ಕಾಲು ಎಷ್ಟು ಹೊತ್ತು ಬ್ರೇಕಿನ ಮೇಲಿತ್ತು ಎಂದು ಹೇಳಬಲ್ಲೆ. ಈ ವಿದ್ಯೆ ಗ್ಯಾರೇಜಿನಲ್ಲಿ ಬಂತೆಂದು ಜನ ತಿಳಿದುಕೊಂಡಿದ್ದಾರೆ. ಅಲ್ಲ. ಬಂದದ್ದು ಒಂದು ರಬ್ಬರ್ ಚಪ್ಪಲಿಯಿಂದ.

ನಮ್ಮ ಮನೆ ಇದ್ದದ್ದು ಪೊಳಲಿ ಕಡೆಯ ಒಂದು ಗುಡ್ಡೆಯ ತಲೆಯಲ್ಲಿ. ಹಮೀದನ ಮನೆ ಅದೇ ಗುಡ್ಡೆಯ ಬುಡದಲ್ಲಿ. ಶಾಲೆ ಇನ್ನೂ ಕೆಳಗೆ. ಹೀಗಾಗಿ ನಮ್ಮ ಬಾಲ್ಯವೆಂದರೆ ಬೆಳಿಗ್ಗೆ ಇಳಿಯುವುದು, ಸಂಜೆ ಹತ್ತುವುದು. ಹತ್ತುವುದನ್ನು ತಪ್ಪಿಸಲು ಉಪಾಯವಿರಲಿಲ್ಲ. ಇಳಿಯುವುದಕ್ಕೆ ನಾವು ಒಂದು ಬೇರಿಂಗ್ ಗಾಡಿ ಮಾಡಿಕೊಂಡೆವು. ಲಾರಿಯವರು ಬಿಸಾಡಿದ ಬೇರಿಂಗುಗಳೇ ಚಕ್ರ, ಹಲಸಿನ ಹಲಗೆಯೇ ಸೀಟು, ಮುಂದಿನ ಅಡ್ಡಪಟ್ಟಿಗೆ ಕಟ್ಟಿದ ಹಗ್ಗವೇ ಸ್ಟಿಯರಿಂಗ್. ಹಗ್ಗ ಯಾವತ್ತೂ ಹಮೀದನ ಕೈಯಲ್ಲಿ. ಅದರ ಬಗ್ಗೆ ಚರ್ಚೆಯೇ ಇರಲಿಲ್ಲ. ಬೇರಿಂಗು ತಂದದ್ದು ಅವನು, ಹಾಗಾಗಿ ಮುಂದೆ ಕೂರುವವನೂ ಅವನೇ. ಹಿಂದೆ ಕೂತ ನಾನು ಬ್ರೇಕು. ಬಲಗಾಲಿನ ಹಿಮ್ಮಡಿಯನ್ನು ಕೆಂಪು ಮುರಕಲ್ಲಿನ ರಸ್ತೆಗೆ ಒತ್ತಿ ಹಿಡಿಯುವುದು ನನ್ನ ಹುದ್ದೆ.

ಒಂದು ಸಂಜೆ, ಕೆಳಗಿನ ತಿರುವಿಗಿಂತ ಸ್ವಲ್ಪ ಮೇಲೆ, ಚಪ್ಪಲಿ ಮೊದಲು ಬಿಸಿಯಾಯಿತು. ಆಮೇಲೆ ವಾಸನೆ ಬಂತು. ಆಮೇಲೆ ರಬ್ಬರು ಹಲಸಿನ ಮೇಣದ ಹಾಗೆ ಮೆತ್ತಗಾಯಿತು. ನಾನು ಒತ್ತಿದಷ್ಟೂ ಅದು ಜಾರಿತು.

"ಒತ್ತು ಮಾರಾಯ, ಒತ್ತು!" ಹಮೀದ ಬೊಬ್ಬೆ ಹೊಡೆದ.

"ಒತ್ತಿದ್ದೇನೆ!"

"ಮತ್ತೆಂತಕ್ಕೆ ನಿಲ್ಲುದಿಲ್ಲ?"

ಉತ್ತರ ಹೇಳುವ ಮೊದಲೇ ನಾವು ಯಾರದೋ ಗೊಬ್ಬರದ ಗುಂಡಿಗೆ ಹಾಕಲು ಕಡಿದು ರಾಶಿ ಮಾಡಿದ್ದ ಸೊಪ್ಪಿನೊಳಗಿದ್ದೆವು. ಹಿಮ್ಮಡಿಯ ಚರ್ಮ ರಸ್ತೆಯಲ್ಲೇ ಉಳಿದಿತ್ತು. ಆ ಕಲೆ ಈಗಲೂ ಉಂಟು.

ಮನೆಗೆ ಬಂದರೆ ಅಮ್ಮ ಜಗಲಿಯಲ್ಲಿ ಬೀಡಿಯ ಮೊರ, ತಡ್ಪೆಯನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಎಲೆ, ಹೊಗೆಸೊಪ್ಪು, ನೂಲು. ಅವಳ ಬೆರಳುಗಳು ನಿಂತದ್ದನ್ನು ನಾನು ನೋಡಿದ್ದೇ ಕಡಿಮೆ. ಆ ದಿನವೂ ನಿಲ್ಲಲಿಲ್ಲ. ತಲೆಯೆತ್ತದೆ ಒಮ್ಮೆ ಮೂಗೆಳೆದಳು. "ಚಪ್ಪಲಿ ಸುಟ್ಟದ್ದು ಯಾರು?" ಎಂದಳು. ದಿನವಿಡೀ ಹೊಗೆಸೊಪ್ಪಿನ ಎದುರು ಕೂತವಳಿಗೆ ಬೇರೆ ವಾಸನೆ ಸಿಗಬಾರದು, ಆದರೆ ಅವಳಿಗೆ ಸಿಗುತ್ತಿತ್ತು. ನನ್ನ ಮೂಗು ಅವಳ ಕಡೆಯಿಂದ ಬಂದದ್ದು. ಹೊಸ ಚಪ್ಪಲಿ ಬರಲಿಲ್ಲ. ಬರಿಗಾಲಲ್ಲಿ ಬ್ರೇಕು ಹಾಕಲು ಕಲಿತೆ.

ಏಳನೆಯ ಕ್ಲಾಸಿನ ಆಚೆ ನಾನು ಶಾಲೆಗೆ ಹೋಗಲಿಲ್ಲ. ಹೀಗೆಂದ ಕೂಡಲೇ ಕೆಲವರು ಮುಖ ಸಣ್ಣ ಮಾಡಿ "ಅಯ್ಯೋ" ಎನ್ನುತ್ತಾರೆ. ಅವರ ಅಯ್ಯೋ ಅವರ ಹತ್ತಿರವೇ ಇರಲಿ. ಬಂಟ್ವಾಳದ ಲಾರಿ ಗ್ಯಾರೇಜಿನಲ್ಲಿ ಗ್ರೀಸು ಒರೆಸುವುದರಿಂದ ಶುರು ಮಾಡಿ, ವಾಮದಪದವಿನ ಜಂಕ್ಷನಿನಲ್ಲಿ ನನ್ನದೇ ತಗಡಿನ ಮಾಡಿನ ಕೆಳಗೆ ನನ್ನದೇ ಹೆಸರಿನ ಬೋರ್ಡು ತೂಗು ಹಾಕುವವರೆಗೆ ಯಾರ ಮುಂದೆಯೂ ಕೈ ಚಾಚಲಿಲ್ಲ. ಬೋರ್ಡಿನಲ್ಲಿ 'ಗ್ಯಾರೇಜ್' ಎಂಬುದಕ್ಕೆ ಪೇಂಟರ್ ಒಂದು ದೀರ್ಘ ಜಾಸ್ತಿ ಹಾಕಿದ್ದಾನೆ ಎಂದು ಮಾಸ್ತರರೊಬ್ಬರು ಹೇಳಿದರು. ಇರಲಿ ಎಂದೆ, ಬೋರ್ಡು ಉದ್ದ ಕಾಣುತ್ತದೆ.

ಹಮೀದ ಗಲ್ಫಿಗೆ ಹೋದ. ಅಲ್ಲಿ ಒಬ್ಬ ದೊಡ್ಡ ಸಾಹುಕಾರರ ಮನೆಯಲ್ಲಿ ಕಾರುಗಳನ್ನು ನೋಡಿಕೊಳ್ಳುವ ಕೆಲಸ. ಎರಡು ಸೀಟಿನ, ನೆಲಕ್ಕೆ ತಾಗುವಷ್ಟು ತಗ್ಗಿನ ಕಾರುಗಳು. ಬೆಳಿಗ್ಗೆ ಅವುಗಳನ್ನು ತೊಳೆದು, ಒರೆಸಿ, ಶೆಡ್ಡಿನಿಂದ ಗೇಟಿನವರೆಗೆ ಓಡಿಸಿ ನಿಲ್ಲಿಸುವುದು. ಗೇಟಿನ ಆಚೆ ಸ್ಟಿಯರಿಂಗ್ ಬೇರೆಯವರ ಕೈಗೆ. ರಜೆಯಲ್ಲಿ ಬಂದಾಗಲೆಲ್ಲ ನನ್ನ ಗ್ಯಾರೇಜಿನ ಮುರುಕು ಸೀಟಿನಲ್ಲಿ ಕೂತು ಇದನ್ನೇ ಹೇಳುತ್ತಿದ್ದ. "ಗೇಟಿನವರೆಗೆ ಮಾರಾಯ. ವರ್ಷಗಟ್ಟಲೆ ಗೇಟಿನವರೆಗೆ." ಬೇರಿಂಗ್ ಗಾಡಿಯ ಹಗ್ಗ ಯಾರಿಗೂ ಕೊಡದವನು ಅವನು. ಅವನಿಗೆ ಅದು ಎಷ್ಟು ಚುಚ್ಚುತ್ತಿತ್ತು ಎಂದು ನನಗಲ್ಲದೆ ಯಾರಿಗೆ ಗೊತ್ತಾಗಬೇಕು?

ಹೀಗಿರುವಾಗ ಒಂದು ರಜೆಯಲ್ಲಿ ಅವನಿಗೆ ಕಾರು ಸಿಕ್ಕಿತು. ಅವನ ಹೆಂಡತಿ ಝೊಹರಾಳ ತವರು ಚಾರ್ಮಾಡಿ ಘಾಟಿಯ ಮೇಲೆ, ಕೊಟ್ಟಿಗೆಹಾರದಲ್ಲಿ. ಅಲ್ಲಿನ ಒಂದು ಕಾಫಿ ಎಸ್ಟೇಟಿನ ಶೆಡ್ಡಿನಲ್ಲಿ ಗೋಣಿಚೀಲಗಳ ಅಡಿ ಒಂದು ಹಳೆಯ ಇಂಗ್ಲಿಷ್ ಕಾರು ಮಲಗಿತ್ತು. ಎರಡೇ ಸೀಟು, ಮೇಲೆ ಬಟ್ಟೆಯ ಮಾಡು, ಉದ್ದ ಮೂತಿ, ಸೀಟಿನೊಳಗೆ ಇಲಿಯ ಸಂಸಾರ. ಹಮೀದ ಅದನ್ನು ನೋಡಿದವನೇ ಊಟಕ್ಕೂ ಏಳಲಿಲ್ಲವಂತೆ. ಎಸ್ಟೇಟಿನವರಿಂದ ಅದನ್ನು ಕೊಂಡು, ಅಲ್ಲಿಯವರ ಸಹಾಯದಿಂದ ಇಂಜಿನ್ ಚಾಲೂ ಮಾಡಿಸಿ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಘಾಟಿ ಇಳಿದ.

ಆ ಇಳಿತದ ಕತೆಯನ್ನು ನಾನು ಇಬ್ಬರ ಬಾಯಿಂದಲೂ ಕೇಳಿದ್ದೇನೆ. ಎರಡೂ ಬೇರೆ ಬೇರೆ ಕತೆ. "ಬ್ರೇಕು ಸ್ವಲ್ಪ ಲೂಸಾಯ್ತು, ಗುಡ್ಡೆಯ ಬದಿಗೆ ಸ್ವಲ್ಪ ತಾಗಿಸಿ ನಿಲ್ಲಿಸಿದೆ" ಎಂದ ಹಮೀದ. "ಸ್ವಲ್ಪ ಅಂತೆ! ಕಾರು ಗುಡ್ಡೆ ಹತ್ತಿತು ಸಂಜೀವಣ್ಣ. ಸಾಯುವವರ ಹತ್ತಿರ ಓದುವ ಯಾಸೀನನ್ನು ನಾನೇ ಓದಲಿಕ್ಕೆ ಶುರು ಮಾಡಿದ್ದೆ" ಎಂದಳು ಝೊಹರಾ. ಅವಳು ಕಾರಿನಿಂದ ಇಳಿದವಳು ಗಂಡನ ಕಡೆ ತಿರುಗಿಯೂ ನೋಡದೆ, ಹಿಂದಿನಿಂದ ಬಂದ ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತಿ ಊರಿಗೆ ಬಂದಿದ್ದಳು. ತೆಂಗಿನಕಾಯಿ ಲಾರಿಯ ಮೇಲಾದರೂ ಕೂರುತ್ತೇನೆ, ಅದರಲ್ಲಿ ಕೂರುವುದಿಲ್ಲ ಎಂದು ಎಲ್ಲರೆದುರು ಹೇಳಿದಳು. "ನಿಮ್ಮ ಫ್ರೆಂಡಿಗೆ ಎರಡು ಸೀಟಿನ ಕಾರು, ಒಂದು ಸೀಟಿನ ಬುದ್ಧಿ" ಎಂದು ನನ್ನ ಹತ್ತಿರವೂ ಹೇಳಿದಳು.

ಹಮೀದ ವಾದ ಮಾಡಲಿಲ್ಲ. ಕಾರನ್ನು ನನ್ನ ಗ್ಯಾರೇಜಿಗೆ ತಂದು ನಿಲ್ಲಿಸಿ, ಬೀಗದ ಕೈಯನ್ನು ನನ್ನ ಟೂಲಿನ ಡಬ್ಬದ ಮೇಲಿಟ್ಟ. "ಅವಳು ಕೂರದ ಕಾರು ನನಗೆ ಯಾಕೆ? ಒಬ್ಬನೇ ಗೇಟಿನವರೆಗೆ ಓಡಿಸ್ಲಿಕ್ಕೆ ನನಗೆ ಅಲ್ಲಿಯೇ ಬೇಕಾದಷ್ಟು ಉಂಟು. ಗುಜರಿಯವನಿಗೆ ಹೇಳಿದ್ದೇನೆ. ನಾನು ಹೊರಡುವ ಮೊದಲು ತಗೊಂಡು ಹೋಗ್ಲಿ."

ಗುಜರಿಯವನು ಬಂದೇ ಬಂದ. ಕಾರಿನ ಸುತ್ತ ನಡೆದು, ಬಾನೆಟ್ಟಿಗೆ ಬೆರಳ ಗಂಟಿನಲ್ಲಿ ತಟ್ಟಿ, "ತಗಡು ದಪ್ಪ ಉಂಟು" ಎಂದ. ಅವನು ಹಾಗೆ ತಟ್ಟಿದ್ದು ನನಗೆ ಯಾರೋ ನನ್ನ ತಲೆಗೆ ಕುಟ್ಟಿದ ಹಾಗಾಯಿತು.

"ಈಗ ಕೊಡ್ಲಿಕ್ಕಿಲ್ಲ" ಎಂದೆ.

"ಕಾರು ನಿಂದಾ?" ಎಂದ ಗುಜರಿಯವನು.

"ಅಲ್ಲ. ಬ್ರೇಕು ನಂದು."

ಹಮೀದ ನನ್ನನ್ನೇ ನೋಡಿದ. ನಾನು ಅವನಿಗೆ ಹೇಳಿದೆ: "ನೀನು ವಿಮಾನ ಹತ್ತುವ ಮೊದಲು ಝೊಹರಕ್ಕ ಇದರಲ್ಲಿ ಕೂತುಕೊಂಡು ಮನೆಗೆ ಬರ್ತಾರೆ. ಬರದಿದ್ರೆ ನಾನೇ ಇದನ್ನು ಗುಜರಿಗೆ ಎಳೆದುಕೊಂಡು ಹೋಗ್ತೇನೆ." ಆಡಿದ ಮಾತನ್ನು ನಾನು ವಾಪಸು ತೆಗೆದುಕೊಂಡವನಲ್ಲ. ಹೆಂಡತಿ ಇದನ್ನೇ ಮೊಂಡುತನ ಎನ್ನುತ್ತಾಳೆ. ಹೆಸರು ಏನಾದರೂ ಇರಲಿ, ವಸ್ತು ಗಟ್ಟಿಯಿದ್ದರೆ ಸಾಕು.

ಇಲ್ಲಿ ಒಂದು ವಿಷಯ ಹೇಳಬೇಕು. ಬ್ರೇಕು ಕಡಿಯುವುದು ಬೇರೆ, ಬ್ರೇಕು ಸೋಲುವುದು ಬೇರೆ. ಕಡಿದ ಬ್ರೇಕು ಕಳ್ಳನ ಹಾಗೆ, ಒಮ್ಮೆಲೇ ಕೈ ಕೊಡುತ್ತದೆ. ಸೋಲುವ ಬ್ರೇಕು ಒಳ್ಳೆಯ ಆಳಿನ ಹಾಗೆ. ಬೆಳಿಗ್ಗೆ ಹೇಳಿದಷ್ಟೂ ಕೆಲಸ ಮಾಡುತ್ತದೆ, ಮಧ್ಯಾಹ್ನದ ಬಿಸಿಲಿಗೆ ಬಸವಳಿಯುತ್ತದೆ, ಆಮೇಲೆ ಎಷ್ಟು ಬೈದರೂ ಕೈ ಏಳುವುದಿಲ್ಲ. ನೆರಳಿನಲ್ಲಿ ಸ್ವಲ್ಪ ಹೊತ್ತು ಕೂರಿಸಿದರೆ ಪುನಃ ಏಳುತ್ತದೆ. ಹಳೆಯ ಕಾರಿನಲ್ಲಿ ನಾಲ್ಕು ಚಕ್ರಕ್ಕೂ ಡ್ರಮ್ಮಿನ ಬ್ರೇಕು, ಅಂದರೆ ಮುಚ್ಚಿದ ಪಾತ್ರೆಯೊಳಗೆ ಉಜ್ಜಾಟ. ಘಾಟಿಯಲ್ಲಿ ಕಾಲು ಒತ್ತಿಯೇ ಇಟ್ಟರೆ ಪಾತ್ರೆ ಕಾದು ಹಿಗ್ಗುತ್ತದೆ, ಒಳಗಿನಿಂದ ಅದನ್ನು ಒತ್ತುವ ಶೂ ಎಂಬ ಪಟ್ಟಿ ಕಾದು ಜಾರುತ್ತದೆ. ನನ್ನ ಚಪ್ಪಲಿಯ ಕತೆಯೇ. ಹೊಸ ಶೂ ಹಾಕಿದರೆ ಹೊಸ ಚಪ್ಪಲಿ ಹಾಕಿದ ಹಾಗೆ, ಅಷ್ಟೇ. ಇಳಿಯುವಾಗ ಭಾರ ಬೀಳುವುದು ಮುಂದಿನ ಚಕ್ರಗಳಿಗೆ. ಅವಕ್ಕೆ ಡ್ರಮ್ಮು ಕಿತ್ತು ಡಿಸ್ಕ್ ಕೂರಿಸಬೇಕು, ಅಂದರೆ ತೆರೆದ ತಟ್ಟೆಯನ್ನು ಎರಡು ಬದಿಯಿಂದ ಪ್ಯಾಡು ಚಿವುಟಿ ಹಿಡಿಯುವ ಬ್ರೇಕು.

ಆಕ್ಸಿಡೆಂಟಾಗಿ ಗುಜರಿ ಸೇರಿದ ಒಂದು ಸಣ್ಣ ಕಾರಿನಿಂದ ಡಿಸ್ಕು, ಪ್ಯಾಡು ಹಿಡಿದಿಡುವ ಕ್ಯಾಲಿಪರು ಬಿಚ್ಚಿಕೊಂಡು ಬಂದೆ. ಮಗಳ ಮದುವೆಗೆ ಗಂಡು ಹುಡುಕಿದಷ್ಟೇ ಕಷ್ಟ, ಸಿಕ್ಕಿದರೂ ಜಾತಕ ಕೂಡುವುದಿಲ್ಲ. ಬೋಲ್ಟಿನ ತೂತುಗಳು ಎಲ್ಲೆಲ್ಲೋ. ಚಕ್ರದ ನಡುವಿನ ಹಬ್ಬಿಗೂ ಡಿಸ್ಕಿಗೂ ನಡುವೆ ಒಂದು ಬಳೆ, ಕ್ಯಾಲಿಪರಿಗೆ ಒಂದು ಹಿಡಿಕೆ, ಇವೆರಡು ಲೇತಿನಲ್ಲಿ ಆಗಬೇಕು. ಕಾರಿನ ಸಾಮಾನು ಗೋಣಿಯಲ್ಲಿ ಕಟ್ಟಿ ಮೂಡುಬಿದಿರೆಗೆ, ಗ್ರೆಗರಿ ಪೊರ್ಬುಗಳ ಲೇತಿಗೆ ಹೋದೆ. ನಮ್ಮ ಕಡೆ ಕ್ರಿಶ್ಚಿಯನ್ ಹಿರಿಯರಿಗೆ ಪೊರ್ಬುಗಳು ಎನ್ನುವುದು. ಇವರು ಬೈಯದೆ ಕೆಲಸ ಶುರು ಮಾಡಿದವರಲ್ಲ. ಬೈಗುಳ ನಿಂತರೆ ಕೆಲಸ ಒಪ್ಪಿದ್ದಾರೆ ಎಂದು ಅರ್ಥ.

"ಇದು ಕಾರಿನದ್ದಾ, ಮೀನಿನ ಡಬ್ಬಿಯದ್ದಾ?"

"ಕಾರಿನದ್ದೇ ಪೊರ್ಬುಲೆ. ಇಂಗ್ಲಿಷ್ ಕಾರು."

"ಇಂಗ್ಲಿಷಿನವರು ಹೋಗಿ ಎಷ್ಟು ವರ್ಷ ಆಯ್ತು? ಅವರೇ ಬಿಟ್ಟು ಹೋದದ್ದನ್ನು ನೀನೆಂತಕ್ಕೆ ಎತ್ತಿಕೊಂಡು ಬಂದದ್ದು?"

"ನಿಮ್ಮಿಂದ ಆಗುದಿಲ್ಲಾಂದ್ರೆ ಮಂಗಳೂರಿಗೆ ಹೋಗ್ತೇನೆ."

ಇದನ್ನು ಕೇಳಿದ ಮೇಲೆ ಅವರು ಬೈಯಲಿಲ್ಲ. ಲಾರಿ ಚಾಸಿಯ ಒಂದು ದಪ್ಪ ತುಂಡನ್ನು ಎಳೆದು ಹಾಕಿದರು. ಹಿಡಿಕೆ ಮುಗಿದಾಗ ಅದನ್ನು ಕೈಯಲ್ಲಿ ತೂಗಿ ನೋಡಿ ಹೇಳಿದರು: "ಮುರಿದ್ರೆ ನನ್ನ ಹೆಸರು ಹೇಳ್ಬೇಡ."

"ಮುರಿಯದಿದ್ರೆ ಹೇಳ್ತೇನೆ" ಎಂದೆ. ಈಗ ಹೇಳಿದ್ದೇನೆ.

ಕಾಲಿನ ಒತ್ತನ್ನು ಆಯಿಲಿಗೆ ದಾಟಿಸುವ ಹಳೆಯ ಮಾಸ್ಟರ್ ಸಿಲಿಂಡರಿನ ಬಾಯಲ್ಲಿ ಒಂದು ಪುಟ್ಟ ವಾಲ್ವು ಇರುತ್ತದೆ. ಕಾಲು ತೆಗೆದ ಮೇಲೂ ಅದು ಸ್ವಲ್ಪ ಒತ್ತಡ ಹಿಡಿದಿಟ್ಟುಕೊಳ್ಳುತ್ತದೆ. ಡ್ರಮ್ಮಿಗೆ ಅದು ಬೇಕು, ಡಿಸ್ಕಿಗೆ ಬೇಡ. ಇದ್ದರೆ ಪ್ಯಾಡು ಡಿಸ್ಕನ್ನು ಬಿಡುವುದೇ ಇಲ್ಲ. ಮುಂದಿನ ಲೈನಿನಿಂದ ಅದನ್ನೂ ತೆಗೆದೆ. ಇದನ್ನು ಯಾಕೆ ಹೇಳುತ್ತೇನೆಂದರೆ, ಇಷ್ಟು ಸೂಕ್ಷ್ಮ ನೋಡಿದವನಿಗೆ ದೊಡ್ಡದು ಕಾಣಲಿಲ್ಲ. ಮೇ ತಿಂಗಳು. ಇನ್ನು ಮಳೆಗಾಲ ಬಂತು, ಕೆಂಪು ಕೆಸರು ಹಾರಿ ಡಿಸ್ಕಿಗೆ ಕೂತರೆ ಎಲ್ಲ ಹಾಳು ಎಂದು, ಎರಡೂ ಡಿಸ್ಕಿನ ಸುತ್ತ ತಗಡು ಬಗ್ಗಿಸಿ, ಬೆರಳು ತೂರದ ಹಾಗೆ ಕವಚ ಮಾಡಿದೆ. ಕಪಾಟಿನಲ್ಲಿ ಹೋದ ವರ್ಷ ತೆರೆದ ಬ್ರೇಕ್ ಆಯಿಲಿನ ಡಬ್ಬಿಯಿತ್ತು. ಬಿಸಾಡುವುದು ನಮ್ಮ ರಕ್ತದಲ್ಲಿಲ್ಲ, ಅದನ್ನೇ ಹೊಯ್ದೆ. ಜಂಕ್ಷನಿನ ಜನ ಬಂದು ತಗಡಿನ ಕೆಲಸ ನೋಡಿ ಹೊಗಳಿದರು. "ಒಂದು ಹನಿ ಒಳಗೆ ಹೋಗ್ಲಿಕ್ಕಿಲ್ಲ!" ನನಗೂ ಹಾಗೇ ಅನಿಸಿತು. ಒಂದು ಹನಿ ಹೋಗಲಿಕ್ಕಿಲ್ಲ.

ಸಮತಟ್ಟಿನಲ್ಲಿ ಬ್ರೇಕು ಬಂಗಾರ. ಗುರುವಾಯನಕೆರೆಯವರೆಗೆ ಹೋಗಿ ಬಂದೆವು. ಒತ್ತಿದಲ್ಲಿ ನಿಂತಿತು. ಸರಿ, ಘಾಟಿಗೇ ಹೋಗುವ ಎಂದು ಹಮೀದನನ್ನು ಸ್ಟಿಯರಿಂಗಿಗೆ ಕೂರಿಸಿ ನಾನು ಪಕ್ಕದಲ್ಲಿ ಕೂತೆ. ಹತ್ತಿದ್ದಾಯಿತು, ತಿರುಗಿಸಿ ಇಳಿಯಲು ಶುರು ಮಾಡಿದ್ದಾಯಿತು. ಪರೀಕ್ಷೆಯಲ್ಲವೇ, ಬ್ರೇಕಿನಲ್ಲೇ ಇಳಿಸು ಎಂದು ನಾನೇ ಹೇಳಿದ್ದೆ. ಅರ್ಧ ಘಾಟಿ ಇಳಿದಿರಬೇಕು. ಬಟ್ಟೆಯ ಮಾಡು ಮಡಚಿದ್ದರಿಂದ ವಾಸನೆ ಸ್ವಲ್ಪ ತಡವಾಗಿ ಬಂತು. ಹಮೀದನ ಮಂಡಿ ಸೀಟಿನಿಂದ ಮುಂದೆ ಹೋದದ್ದನ್ನು ಕಂಡೆ.

"ಒತ್ತು" ಎಂದೆ.

"ಒತ್ತಿದ್ದೇನೆ ಮಾರಾಯ. ಕೆಳಗೆ ನೆಲ ಸಿಕ್ಕಿತು!"

ಗೇರು ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗುಡ್ಡೆಯ ಬದಿಯ ಚರಂಡಿಗೆ ಎಡಚಕ್ರ ಇಳಿಸಿ ನಿಲ್ಲಿಸಿದೆವು. ಹಮೀದ ಮೆಲ್ಲ ಹೇಳಿದ, "ಸೊಪ್ಪಿನ ರಾಶಿ ಇರಲಿಲ್ಲ ಇಲ್ಲಿ." ನಾನು ಇಳಿದು ತಗಡಿಗೆ ಅಂಗೈ ಇಟ್ಟೆ. ಇಟ್ಟ ಕೈಯಲ್ಲಿ ಬೊಬ್ಬೆ ಬಂತು. ತಣಿಯುವವರೆಗೆ ಕೂತು, ಮೊದಲನೆಯ ಗೇರಿನಲ್ಲಿ ತೆವಳಿಕೊಂಡು ಕೆಳಗೆ ಬಂದೆವು. ದಾರಿಯಲ್ಲಿ ಗುಜರಿಯವನ ಶೆಡ್ಡಿನ ಮುಂದೆ ಹಾದು ಬರುವಾಗ ಇಬ್ಬರೂ ಆ ಕಡೆ ನೋಡಲಿಲ್ಲ.

ಮರುದಿನ ಚಕ್ರ ಬಿಚ್ಚಿಟ್ಟು, ಕೈಗೆ ಬಟ್ಟೆ ಸುತ್ತಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದೆ. ಡಿಸ್ಕು ಸರಿಯಿತ್ತು, ಪ್ಯಾಡು ಸರಿಯಿತ್ತು, ಹಿಡಿಕೆ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಝೊಹರಾ ಪೇಟೆಗೆ ಬಂದವಳು ಗ್ಯಾರೇಜಿನ ಎದುರು ನಿಂತಳು. ಗಂಡನಿಂದ ವಿಷಯ ತಿಳಿದಿತ್ತು. ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ.

"ಇದೆಂತ ಸಂಜೀವಣ್ಣ, ಇದಕ್ಕೆ ಅಂಗಿ ಹಾಕಿದ್ದು?"

"ತಗಡು. ಮಳೆಗೆ."

ಅವಳು ಆಕಾಶ ನೋಡಿದಳು. ಹತ್ತಿಯ ಎಳೆಯಷ್ಟೂ ಮೋಡವಿರಲಿಲ್ಲ. "ಮಳೆ ಎಲ್ಲುಂಟು? ನಮ್ಮ ಅತ್ತೆಯೂ ಹೀಗೇ. ಮಕ್ಕಳಿಗೆ ಜ್ವರ ಬಂದ ಕೂಡ್ಲೆ ಕಂಬಳಿ ಹೊದೆಸಿ ಬಾಗಿಲು ಹಾಕುದು. ಡಾಕ್ಟ್ರು ಬೈದ್ರು, ಮೈ ಕಾಯುವಾಗ ಯಾರಾದ್ರೂ ಕಂಬಳಿ ಹಾಕ್ತಾರಾ, ಕಿಟಕಿ ತೆಗೀರಿ ಅಂತ." ಇಷ್ಟು ಹೇಳಿ ಮೀನಿನ ಚೀಲ ಎತ್ತಿಕೊಂಡು ಹೋದಳು. ಅವಳಿಗೆ ಕಾರಿನ ಮೇಲಿನ ಸಿಟ್ಟು ತೀರಿಸಬೇಕಿತ್ತು, ಅಷ್ಟೇ.

ನಾನು ಕೂತಲ್ಲಿಯೇ ಕೂತೆ. ನೋಡಿ, ನಾವು ಈ ಕಡೆಯವರು ಹುಟ್ಟಿದಂದಿನಿಂದ ಮುಚ್ಚುವುದನ್ನೇ ಕಲಿತವರು. ವರ್ಷದಲ್ಲಿ ಅಷ್ಟು ತಿಂಗಳು ಮಳೆಗೆ ಹೆದರಿ ಬದುಕುವ ಜನ. ರೇಡಿಯೋಕ್ಕೆ ಅಂಗಿ ಹೊಲಿಸುತ್ತೇವೆ. ಟೀವಿಗೆ ಕಸೂತಿಯ ಪರದೆ. ಮಿಕ್ಸಿಗೆ ಲಂಗ. ಹೊಸ ಸ್ಕೂಟರಿನ ಸೀಟಿನ ಪ್ಲಾಸ್ಟಿಕ್ಕು ಸ್ಕೂಟರ್ ಹಳತಾದರೂ ತೆಗೆಯುವುದಿಲ್ಲ. ನನ್ನ ಅಮ್ಮ ಬೆಂಕಿಪೊಟ್ಟಣವನ್ನು ಡಬ್ಬಿಯಲ್ಲಿ, ಡಬ್ಬಿಯನ್ನು ಬಟ್ಟೆಯಲ್ಲಿ, ಬಟ್ಟೆಯ ಗಂಟನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದಳು. ದೀಪ ಹಚ್ಚಬೇಕಾದಾಗ ಬೆಂಕಿಪೊಟ್ಟಣ ಹುಡುಕಲು ದೀಪ ಬೇಕಾಗುತ್ತಿತ್ತು. ಅಂಥವಳ ಮಗ ನಾನು. ಗಾಳಿ ತಾಗಲಿ ಎಂದೇ ಮಾಡಿದ ಬ್ರೇಕನ್ನು ತಂದು, ಗಾಳಿ ತಾಗದ ಹಾಗೆ ತಗಡು ಬಿಗಿದು, ಪುನಃ ಡ್ರಮ್ಮೇ ಮಾಡಿ ಇಟ್ಟಿದ್ದೆ. ಬೇರೆ ಊರಿನ ಯಾವ ಮೆಕ್ಯಾನಿಕ್ಕೂ ಈ ಕೆಲಸ ಮಾಡಲಾರ. ಅದರ ಮೇಲೆ ಆ ಹಳೆಯ ಆಯಿಲು. ತೆರೆದಿಟ್ಟ ಬ್ರೇಕ್ ಆಯಿಲು ಮಳೆಗಾಲದ ಹಪ್ಪಳದ ಹಾಗೆ, ಗಾಳಿಯ ಪಸೆಯನ್ನೆಲ್ಲ ಕುಡಿಯುತ್ತದೆ. ಕಾದಾಗ ಆ ನೀರು ಕುದಿದು ಗುಳ್ಳೆಯಾಗುತ್ತದೆ. ಗುಳ್ಳೆಯನ್ನು ಎಷ್ಟು ಒತ್ತಿದರೇನು?

ತಗಡನ್ನು ಎಳೆದು ಅಂಗಳಕ್ಕೆ ಎಸೆದೆ. ಹೊಗಳಿದವರು ಬಂದು "ಅಯ್ಯೋ, ಎಷ್ಟು ಚಂದ ಇತ್ತು" ಎಂದರು. ಚಂದ ಇತ್ತು, ನಿಜ. ಸೀಲು ಒಡೆಯದ ಹೊಸ ಡಬ್ಬಿ ತಂದು ಹಳೆಯ ಆಯಿಲಿನ ಕೊನೆಯ ತೊಟ್ಟೂ ಹೊರಗೆ ಬರುವವರೆಗೆ ಪೆಡಲು ಒತ್ತಿಸಿದೆ. ಅಷ್ಟಕ್ಕೆ ಬಿಡುವ ಮನಸ್ಸಾಗಲಿಲ್ಲ. ಕಿಟಕಿ ತೆಗೆಯುವುದಾದರೆ ಗಾಳಿಯನ್ನು ಕರೆದೇ ತರುವ ಎಂದು, ಸೀಮೆಎಣ್ಣೆ ಹೊಯ್ಯುವ ಎರಡು ದೊಡ್ಡ ಲಾಳಿಕೆಗಳನ್ನು ಕಾರಿನ ಮೂತಿಯ ಜಾಲರಿಯ ಹಿಂದೆ, ಬಾಯಿ ಮುಂದಕ್ಕೆ ಮಾಡಿ ಕೂರಿಸಿದೆ. ಅವುಗಳ ಬಾಲಕ್ಕೆ ದಪ್ಪ ಸುರುಳಿ ಪೈಪು ಸಿಕ್ಕಿಸಿ, ಪೈಪಿನ ತುದಿಯನ್ನು ಡಿಸ್ಕಿನ ನಡುವಿಗೆ ತಿರುಗಿಸಿ ಕಟ್ಟಿದೆ. ಕಾರು ಓಡಿದಷ್ಟೂ ಗಾಳಿ ಒಳಗೆ.

ಹಮೀದ ಬಗ್ಗಿ ನೋಡಿದ. "ಗಲ್ಫಿನಲ್ಲಿ ಇಷ್ಟು ವರ್ಷ ಇಂಥ ಕಾರು ತೊಳೆದಿದ್ದೇನೆ. ಲಾಳಿಕೆ ಯಾವುದರಲ್ಲೂ ಕಾಣ್ಲಿಲ್ಲ."

"ನೀನು ಗೇಟಿನವರೆಗೆ ಓಡಿಸಿದವ. ಇದು ಘಾಟಿಗೆ" ಎಂದೆ.

ಹಮೀದ ಹೊರಡುವ ದಿನ ಹತ್ತಿರ ಬಂತು. ಝೊಹರಾ ತವರಿಗೆ ಹೋಗಿದ್ದಳು, ಕರೆತರಬೇಕಿತ್ತು. ನಾವಿಬ್ಬರೂ ಕಾರಿನಲ್ಲಿ ಕೊಟ್ಟಿಗೆಹಾರಕ್ಕೆ ಹತ್ತಿದೆವು. ಅವಳು ಕೂರುವುದಾದರೆ ನಾನು ಬಸ್ಸಿನಲ್ಲಿ ಬರುವುದೆಂದು ಮಾತಾಗಿತ್ತು. ಅವಳು ಚಹ ಕೊಟ್ಟಳು, ಚೀಲ ಹೊರಗಿಟ್ಟಳು, ಕಾರಿನ ಹತ್ತಿರ ಬರಲಿಲ್ಲ.

"ನೀವಿಬ್ಬರು ಮುಂದೆ ಹೋಗಿ. ನಾನು ಹಿಂದಿನ ಬಸ್ಸಲ್ಲಿ, ಡ್ರೈವರಿನ ಪಕ್ಕದ ಸೀಟಲ್ಲಿ ಕೂತು ನೋಡ್ತಾ ಬರ್ತೇನೆ. ಬಸ್ಸಿಗೆ ದಾರಿ ಬಿಡ್ಬಾರ್ದು. ತಣ್ಣಗಾಗ್ಲಿಕ್ಕೆ ಅಂತ ಎಲ್ಲಿಯೂ ನಿಲ್ಲಿಸ್ಬಾರ್ದು. ಕೆಳಗೆ ಚಾರ್ಮಾಡಿಗೆ ಬಂದ ಮೇಲೆ ಮತ್ತೆ ನೋಡುವ."

"ಅಕ್ಕ, ಘಾಟಿ ಬಸ್ಸಿನವರು ಹೇಗೆ ಬಿಡ್ತಾರೆ ಅಂತ ಗೊತ್ತುಂಟಲ್ಲ?" ಎಂದೆ.

"ಗೊತ್ತುಂಟು. ಆದ್ರಿಂದಲೇ ಹೇಳಿದ್ದು."

ಆ ಇಳಿತವನ್ನು ನಾನು ಮರೆಯಲಾರೆ. ಎದುರು ಕಾರಿನ ಉದ್ದ ಮೂತಿ, ಹಿಂದೆ ಬೆನ್ನಿಗೆ ಅಂಟಿದ ಬಸ್ಸು. ಪ್ರತಿ ತಿರುವಿಗೂ ಅದರ ಹಾರ್ನು ನಮ್ಮ ತಲೆಯ ಮೇಲೆಯೇ ಊದುತ್ತಿತ್ತು. ಮಾಡು ಮಡಚಿದ ಕಾರಿನಲ್ಲಿ ಕೂತು ತಿರುಗಿ ನೋಡಿದರೆ ಬಸ್ಸಿನ ಗಾಜಿನ ಹಿಂದೆ ಬುರ್ಖಾದ ನಡುವೆ ಅಲುಗದ ಒಂದು ಮುಖ. ಎರಡನೆಯ ಗೇರು, ಬ್ರೇಕು, ತಿರುವು. ಪುನಃ ಬ್ರೇಕು. ಹಿಂದೆ ನಾವು ಸೋತು ನಿಂತಿದ್ದ ಚರಂಡಿ ಬಂತು. ಹಮೀದನ ಕಿವಿಯ ಹಿಂದೆ ಬೆವರು ಇಳಿಯುತ್ತಿತ್ತು.

"ಹೇಗುಂಟು?" ಎಂದೆ.

"ಮಾತಾಡಿಸ್ಬೇಡ."

"ಪೆಡಲು ಹೇಗುಂಟು ಮಾರಾಯ?"

"ಕಲ್ಲಿನ ಹಾಗೆ ಉಂಟು. ಒತ್ತಿ ಒತ್ತಿ ನನ್ನ ಕಾಲು ಸೋತಿತು, ಇದು ಸೋಲುದಿಲ್ಲ."

ಚರಂಡಿ ಹಿಂದೆ ಹೋಯಿತು. ಹಾರ್ನು ಹಿಂದೆಯೇ ಬಂತು. ಗಾಳಿ ಲಾಳಿಕೆಗಳಲ್ಲಿ ಹೊಕ್ಕು, ಯಾರೋ ಬಾಟ್ಲಿಯ ಬಾಯಿಗೆ ಊದಿದ ಹಾಗೆ ಸಣ್ಣಗೆ ಕೂಗುತ್ತಿತ್ತು. ಕೊನೆಯ ತಿರುವು ಮುಗಿದು ರಸ್ತೆ ನೆಟ್ಟಗಾಗುವವರೆಗೆ ನಾನು ಉಸಿರನ್ನು ಪೂರ್ತಿ ಬಿಡಲಿಲ್ಲ.

ಚಾರ್ಮಾಡಿಯ ಚಹದಂಗಡಿಯ ಎದುರು ಕಾರು ನಿಂತಿತು. ಬಸ್ಸೂ ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ ನಮ್ಮ ಅಪ್ಪ ಅಮ್ಮನನ್ನೆಲ್ಲ ಸ್ಮರಿಸಿದ. ಹಮೀದ ಕೇಳಿಸಿಕೊಳ್ಳಲಿಲ್ಲ. ಸ್ಟಿಯರಿಂಗ್ ಹಿಡಿದ ಕೈ ಬಿಟ್ಟಿರಲಿಲ್ಲ. ಝೊಹರಾ ಚೀಲ ಹಿಡಿದುಕೊಂಡು ಇಳಿದು ಬಂದಳು. ಕಾರಿನ ಸುತ್ತ ಒಂದು ಬಾರಿ ನಡೆದಳು, ಗುಜರಿಯವನು ನಡೆದ ಹಾಗೆಯೇ. ಮುಂದಿನ ಚಕ್ರದ ಹತ್ತಿರ ನಿಂತಳು. ಬಗ್ಗಿದಳು. ಮತ್ತೆ, ದೇವರಾಣೆಗೂ ಹೇಳುತ್ತೇನೆ, ಮೂಗೆಳೆದು ನೋಡಿದಳು.

ಪ್ಯಾಡಿನ ಬಿಸಿ ವಾಸನೆ ಸ್ವಲ್ಪ ಇತ್ತು. ಸುಟ್ಟ ವಾಸನೆ ಇರಲಿಲ್ಲ. ಅದು ನನಗೆ ಗೊತ್ತಿತ್ತು. ಅವಳಿಗೆ ಗೊತ್ತಾಗುವುದನ್ನು ಕಾಯುತ್ತಿದ್ದೆ.

ಅವಳು ನೆಟ್ಟಗಾದಳು.

"ಸಂಜೀವಣ್ಣ, ಇಳೀರಿ. ಅದು ನನ್ನ ಸೀಟು."

ಇಳಿದೆ. ಅವಳು ಕೂತು ಚೀಲವನ್ನು ಮಡಿಲಲ್ಲಿಟ್ಟುಕೊಂಡಳು. ಹಮೀದ ನನ್ನ ಕಡೆ ನೋಡಿ ಏನೋ ಹೇಳಲು ಬಾಯಿ ತೆರೆದ. "ರಸ್ತೆ ನೋಡಿ ಓಡಿಸಿ" ಎಂದಳು ಅವಳು. ಕಾರು ಹೊರಟಿತು, ಉಜಿರೆಯ ಕಡೆಗೆ, ಯಾವ ಗೇಟೂ ಇಲ್ಲದ ರಸ್ತೆಯಲ್ಲಿ. ದೂರದ ತಿರುವಿನಲ್ಲಿ ಅದರ ಹಿಂದಿನ ಕೆಂಪು ದೀಪ ಹೊತ್ತಿತು, ಕಾರು ನಿಧಾನವಾಯಿತು, ದೀಪ ಆರಿತು, ಕಾರು ತಿರುಗಿತು.

"ಬರ್ಲಿಕ್ಕುಂಟಾ ಅಣ್ಣ?" ಬಸ್ಸಿನ ಮೆಟ್ಟಿಲಿನಿಂದ ಕಂಡಕ್ಟರ್ ಕೇಳಿದ.

ಬರುತ್ತೇನೆ ಎಂದು ಕಾಲೆತ್ತಲು ಹೋದೆ. ರಸ್ತೆಬದಿಯ ಜಲ್ಲಿಯಲ್ಲಿ ನನ್ನ ಬಲಗಾಲಿನ ಹಿಮ್ಮಡಿ ಒಂದು ಗುಂಡಿ ತೋಡಿಕೊಂಡು, ಇನ್ನೂ ಒತ್ತಿಯೇ ನಿಂತಿತ್ತು.